ನ್ಯಾಯಮೂರ್ತಿ ವಿಚಾರಣೆಯಿಂದ ಯಾವಾಗ ಹಿಂದೆ ಸರಿಯಬೇಕು?

ಪಿನೋಷೆ ಪ್ರಕರಣ

ಚಿಲಿಯ ಮಾಜಿ ಸರ್ವಾಧಿಕಾರಿ ಆಗಸ್ಟೋ ಪಿನೋಷೆ ಸ್ಪೇನ್ ಹೊರಡಿಸಿದ ವಾರಂಟಿನ ಮೇಲೆ 1998ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಬಂಧಿತನಾದ. ಮಾಜಿ ರಾಷ್ಟ್ರಾಧ್ಯಕ್ಷನೆಂಬ ರಕ್ಷಣೆ ಅವನಿಗೆ ಸಿಗದು ಎಂದು ನವೆಂಬರ್ 25ರಂದು ಬ್ರಿಟನ್ನಿನ ಆಗಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್ 3-2ರ ಬಹುಮತದಿಂದ ತೀರ್ಪಿತ್ತಿತು. ಆ ಮೂವರಲ್ಲಿ ಲಾರ್ಡ್ ಹಾಫ್‌ಮನ್ ಒಬ್ಬರು. ಮೊಕದ್ದಮೆಯಲ್ಲಿ ಮಾನವ ಹಕ್ಕು ಸಂಘಟನೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಕೂಡ ಪಿನೋಷೆ ವಿರುದ್ಧ ವಾದಿಸಿತ್ತು. ಅದರದೇ ದತ್ತಿ ಸಂಸ್ಥೆಯೊಂದಕ್ಕೆ ಹಾಫ್‌ಮನ್ ಅಧ್ಯಕ್ಷರಾಗಿದ್ದರು. ಸಂಬಳವಿಲ್ಲದ ಹುದ್ದೆ, ನಿಜ. ಆದರೆ ಅದನ್ನು ಅವರು ಪಿನೋಷೆ ಕಡೆಯವರಿಗೆ ತಿಳಿಸಿರಲಿಲ್ಲ.

ಹಾಫ್‌ಮನ್ ಮನಸ್ಸಿನಲ್ಲಿ ಪಕ್ಷಪಾತವಿತ್ತೆಂದು ಪಿನೋಷೆಯ ವಕೀಲರೂ ಆರೋಪಿಸಲಿಲ್ಲ. ಆದರೂ ಡಿಸೆಂಬರ್ 17ರಂದು ತೀರ್ಪು ರದ್ದಾಯಿತು. ಏಳು ಜನರ ಹೊಸ ಪೀಠ ಎಲ್ಲವನ್ನೂ ಮೊದಲಿಂದ ಕೇಳಬೇಕಾಯಿತು. ಪಿನೋಷೆ ಆಳ್ವಿಕೆಯಲ್ಲಿ ಚಿತ್ರಹಿಂಸೆಗೆ ಒಳಗಾದವರು ಕಾದು ಕುಳಿತಿದ್ದ ಪ್ರಕರಣವದು. ಒಂದು ಮಾತು ಮೊದಲೇ ಹೇಳಿದ್ದರೆ ಈ ವಿಳಂಬ ತಪ್ಪುತ್ತಿತ್ತು.

ಅಳೆಯುವುದು ಹೇಗೆ?

ನ್ಯಾಯಮೂರ್ತಿಗೆ ಪ್ರಕರಣದಲ್ಲಿ ಹಣದ ಲಾಭವಿದ್ದರೆ, ಅಥವಾ ಪಿನೋಷೆ ಪ್ರಕರಣದಲ್ಲಿದ್ದಂತೆ ಕಕ್ಷಿಯೊಂದರ ಜೊತೆಗೂಡಿ ಅದರ ಉದ್ದೇಶಕ್ಕಾಗಿ ದುಡಿಯುತ್ತಿದ್ದರೆ ಚರ್ಚೆಯೇ ಇಲ್ಲ, ಹೊರನಡೆಯಬೇಕು. ಉಳಿದ ಕಡೆ, ಸಂಗತಿಯೆಲ್ಲ ಗೊತ್ತಿರುವ ಸಮಚಿತ್ತದ ಮನುಷ್ಯನಿಗೆ ಪಕ್ಷಪಾತವಿರಬಹುದು ಅನ್ನಿಸುತ್ತದೆಯೇ ಎಂದು ಇಂಗ್ಲೆಂಡಿನ ನ್ಯಾಯಾಲಯಗಳು ಕೇಳುತ್ತವೆ. ಸೋಲುವ ಭಯದಿಂದ ಕಕ್ಷಿದಾರ ಎತ್ತುವ ಅನುಮಾನ ಸಾಲದು.

ಭಾರತದಲ್ಲಿ

ಮೇಲಧಿಕಾರಿಯಿಂದ ಕಿರುಕುಳವಾಗುತ್ತಿದೆ ಎಂದು ಯೋಧನೊಬ್ಬ ದೂರು ಬರೆದ. ಅದಕ್ಕೇ ಶಿಕ್ಷೆಯಾಯಿತು. ಶಿಕ್ಷೆಯ ಅವಧಿಯಲ್ಲಿ ಊಟ ಮಾಡೆಂಬ ಆಜ್ಞೆ ಮೀರಿದನೆಂದು ಮತ್ತೆ ಸೇನಾ ವಿಚಾರಣೆ ನಡೆಯಿತು. ಪೀಠದಲ್ಲಿ ಕೂತಿದ್ದವರು ಅದೇ ಮೇಲಧಿಕಾರಿ! 1987ರಲ್ಲಿ ಸುಪ್ರೀಂ ಕೋರ್ಟ್ ಆ ವಿಚಾರಣೆಯನ್ನೇ ಅಸಿಂಧುಗೊಳಿಸಿತು. ತೀರ್ಪುಗಾರ ತನ್ನ ಮನಸ್ಸು ಶುದ್ಧವೇ ಎಂದಷ್ಟೇ ಕೇಳಿಕೊಂಡರೆ ಸಾಲದು, ಎದುರಿಗೆ ನಿಂತವನ ಮನಸ್ಸಿಗೆ ಏನನ್ನಿಸುತ್ತದೆ ಎಂಬುದನ್ನೂ ನೋಡಬೇಕು ಎಂದಿತು.

ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಯಾವಾಗ ಸರಿಯಬೇಕು ಎನ್ನುವ ಕಾಯ್ದೆ ನಮ್ಮಲ್ಲಿಲ್ಲ. ನಿರ್ಧಾರ ಆಯಾ ನ್ಯಾಯಮೂರ್ತಿಯದೇ. ಎಷ್ಟೋ ಸಲ ಕಾರಣವನ್ನೂ ಹೇಳದೆ ಸರಿಯುತ್ತಾರೆ, ಇದು ಸರಿಯಲ್ಲ. ಕಾರಣ ದಾಖಲಿಸುವುದು ಕರ್ತವ್ಯವೆಂದು 2015ರ ನ್ಯಾಯಾಂಗ ನೇಮಕಾತಿ ಆಯೋಗದ ಪ್ರಕರಣದಲ್ಲಿ ನ್ಯಾಯಮೂರ್ತಿ ಕುರಿಯನ್ ಜೋಸೆಫ್ ಬರೆದರು. ಅದೇ ಪ್ರಕರಣದಲ್ಲಿ ಸರಿಯಲು ಒಪ್ಪದ ನ್ಯಾಯಮೂರ್ತಿ ಖೇಹರ್ ಕೂಡ ತಮ್ಮ ಕಾರಣಗಳನ್ನು ವಿವರಿಸಿದ್ದಾರೆ. 2022ರ ಜನವರಿಯಲ್ಲಿ ಕೃಷ್ಣಾ ಜಲವಿವಾದ ಬಂದಾಗ ಮಹಾರಾಷ್ಟ್ರದ ಡಿ.ವೈ. ಚಂದ್ರಚೂಡ್ ಮತ್ತು ಕರ್ನಾಟಕದ ಎ.ಎಸ್. ಬೋಪಣ್ಣ ಇಬ್ಬರೂ ಹಿಂದೆ ಸರಿದರು. ತಮ್ಮ ತವರು ರಾಜ್ಯಗಳೇ ಕಕ್ಷಿದಾರರು ಎಂಬ ಕಾರಣವನ್ನು ತೆರೆದ ನ್ಯಾಯಾಲಯದಲ್ಲೇ ಹೇಳಿದರು.