ಯಾರೂ ಓದದ ಪೇಪರ್‌ಗೆ ನೊಬೆಲ್

ಸಿಟಿ ಸ್ಕ್ಯಾನ್‌ನ ಗಣಿತ ಕೊಟ್ಟ ಅಲನ್ ಕಾರ್ಮ್ಯಾಕ್ ಡಾಕ್ಟರ್ ಅಲ್ಲ, ಅವರಿಗೆ ಪಿಎಚ್‌ಡಿಯೂ ಇರಲಿಲ್ಲ. 1956ರಲ್ಲಿ ಕೇಪ್‌ಟೌನಿನ ಆಸ್ಪತ್ರೆಯೊಂದರಲ್ಲಿ ಭೌತವಿಜ್ಞಾನಿಯಾಗಿದ್ದರು. ಕ್ಯಾನ್ಸರಿನ ರೇಡಿಯೇಷನ್ ಡೋಸ್ ಲೆಕ್ಕದಲ್ಲಿ ಮೂಳೆ, ಮಾಂಸ ಎಲ್ಲಾ ಒಂದೇ ಅಂತ ಹಿಡಿಯುತ್ತಿದ್ದದ್ದು ಅವರಿಗೆ ಸರಿ ಅನ್ನಿಸಲಿಲ್ಲ. ಹಲವು ದಿಕ್ಕಿನಿಂದ ಎಕ್ಸ್-ರೇ ಹಾಯಿಸಿ, ಹೊರಬಂದದ್ದನ್ನ ಅಳೆದರೆ ಒಳಗಿನ ಚಿತ್ರ ಲೆಕ್ಕದಲ್ಲೇ ಸಿಗುತ್ತೆ ಅಂತ ತೋರಿಸಿದರು.

1963, 1964ರಲ್ಲಿ ಪೇಪರ್ ಬಂತು. ಹೆಚ್ಚುಕಮ್ಮಿ ಯಾರೂ ಕೇಳಲಿಲ್ಲ. ಪ್ರತಿ ಬೇಕು ಅಂದ ಕೆಲವರಲ್ಲಿ ಸ್ವಿಸ್ ಹಿಮಕುಸಿತ ಸಂಶೋಧಕರಿದ್ದರು!

ಇನ್ನೂ ತಮಾಷೆ ಏನು ಗೊತ್ತಾ? ಇದೇ ಗಣಿತವನ್ನ ರೇಡಾನ್ 1917ರಲ್ಲೇ ಬಿಡಿಸಿಟ್ಟಿದ್ದರು. ಅದನ್ನ ಕಾರ್ಮ್ಯಾಕ್ ಕೂಡ ಓದಿರಲಿಲ್ಲ.

1971ರಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ರೋಗಿಯ ಮಿದುಳು ತೋರಿಸಿತು. 1979ರಲ್ಲಿ ಇಬ್ಬರಿಗೂ ನೊಬೆಲ್. ಮೂಲೇಲಿ ಬಿದ್ದಿರೋ ನಿಮ್ಮ ಹಳೇ ಕೋಡ್ ಇದ್ದರೆ, ಡಿಲೀಟ್ ಮಾಡಬೇಡಿ.