ಪದ ಪರಿಚಯ: ಮೆಕಾ

ಮೆಕಾ (ನಾಮಪದ)

ದೈತ್ಯ ಯಂತ್ರಗಳ ಕಥಾಲೋಕಕ್ಕೆ ಹೊಸ ಕಥೆ ಹೊಸೆಯುವ ಅಭಿಮಾನಿಗಳ ಬಾಯಲ್ಲಿ ಸದಾ ಇರುವ ಪದ. ಮೂಲ ಗ್ರೀಕಿನ 'ಮೇಖನೆ': ಉಪಾಯ, ಯಂತ್ರ. ಅಥೆನ್ಸಿನ ರಂಗದ ಮೇಲೆ ದೇವತೆಗಳನ್ನು ಇಳಿಸುತ್ತಿದ್ದ ಸಲಕರಣೆಗೂ ಅದೇ ಹೆಸರು. ನಮ್ಮ ಗ್ಯಾರೇಜಿನ 'ಮೆಕ್ಯಾನಿಕ್' ಇದರ ದಾಯಾದಿ. ಜಪಾನೀಯರು ಈ ಪದದ ಇಂಗ್ಲಿಷ್ ರೂಪವನ್ನು ಮೊಟಕುಗೊಳಿಸಿ 'ಮೆಕಾ' ಎಂದರು. ಅವರಿಗೆ ಕಾರು, ಬಂದೂಕೂ ಮೆಕಾ. ಹೊರಗಿನವರಿಗೆ ಮಾತ್ರ ಅದು ಮನುಷ್ಯ ಒಳಗೆ ಕೂತು ನಡೆಸುವ ದೈತ್ಯ, 1972ರ 'ಮಜಿಂಗರ್ ಜೆಡ್', 1979ರ 'ಮೊಬೈಲ್ ಸೂಟ್ ಗುಂಡಮ್' ಎಂಬ ಜಪಾನಿ ಆನಿಮೆ ಸರಣಿಗಳಲ್ಲಿ ಕಾಣುವಂಥದ್ದು. 'ರೋಬೋ' ಬೇರೆಯೇ ಕುಲ: ಜೆಕ್ ಲೇಖಕ ಕರೆಲ್ ಚಾಪೆಕ್‌ರ 1920ರ ನಾಟಕದಿಂದ ಬಂದದ್ದು, ಜೆಕ್ ಭಾಷೆಯ 'ರೊಬೊಟಾ' ಎಂದರೆ ಬಿಟ್ಟಿ ಚಾಕರಿ. ಕಥೆ ಬರೆಯುವವರು ಈ ಎರಡನ್ನು ಬೆರೆಸದಿರಲಿ. ಮೆಕಾ ಕಥೆಗೆ ಜೀವ ಬರುವುದು ಉಕ್ಕಿನಿಂದಲ್ಲ, ಒಳಗೆ ಕೂತವರ ಭಯ, ಹಟ, ಹೊಣೆಗಳಿಂದ.