ವಿಟ್ಬಿಯ ತಾಯಿ

ಇಂಗ್ಲೆಂಡಿನ ಚರಿತ್ರೆ ಎಂದರೆ ನಮ್ಮ ನೆನಪಿಗೆ ಬರುವುದು ಲಂಡನ್ನು, ರಾಜರು, ಯುದ್ಧಗಳು. ಆದರೆ ಅಲ್ಲಿನ ಈಶಾನ್ಯ ಕರಾವಳಿಯಲ್ಲಿ, ಎಸ್ಕ್ ನದಿ ಸಮುದ್ರ ಸೇರುವ ಕಡೆ, ವಿಟ್ಬಿ ಎಂಬ ಪುಟ್ಟ ಊರಿದೆ. ಅದರ ಚರಿತ್ರೆಯ ಮೊದಲ ಪುಟಗಳಲ್ಲಿ ಎದ್ದು ಕಾಣುವವಳು ಹಿಲ್ಡ್ ಎಂಬ ಹೆಣ್ಣುಮಗಳು.

ರಾಜಮನೆತನದಲ್ಲಿ 614ರಲ್ಲಿ ಹುಟ್ಟಿದ ಹಿಲ್ಡ್ ಸನ್ಯಾಸಿನಿಯಾದದ್ದು 33ನೆಯ ವಯಸ್ಸಿನಲ್ಲಿ. 657ರಲ್ಲಿ ಇಲ್ಲಿನ ಕಡಲಂಚಿನ ದಿಬ್ಬದ ಮೇಲೆ ಮಠ ಕಟ್ಟಿದಳು. ಊರಿಗೆ ಆಗ ಬೇರೆ ಹೆಸರಿತ್ತು. ವಿಟ್ಬಿ ಎಂಬುದು ಆಮೇಲೆ ಬಂದು ನೆಲೆಸಿದ ಡೇನರ ಮಾತು. ಮಠದಲ್ಲಿ ಹೆಂಗಸರೂ ಗಂಡಸರೂ ಇದ್ದರು, ಎಲ್ಲರಿಗೂ ಹಿರಿಯಳು ಅವಳೇ. ಅಲ್ಲಿ ಬಡವ, ಬಲ್ಲಿದ ಎಂಬ ಭೇದವಿರಲಿಲ್ಲ, ಇದ್ದದ್ದೆಲ್ಲ ಎಲ್ಲರದು. ಅವಳಲ್ಲಿ ಓದಿದ ಐವರು ಬಿಷಪ್ಪರಾದರು. 731ರಲ್ಲಿ ತನ್ನ ಚರಿತ್ರೆಯನ್ನು ಮುಗಿಸಿದ ಬೀಡ್ ಎಂಬ ಸನ್ಯಾಸಿ, ಜನ ಅವಳನ್ನು ತಾಯಿ ಎಂದೇ ಕರೆಯುತ್ತಿದ್ದರೆಂದು ಬರೆದಿದ್ದಾನೆ.

ಆಗಿನ ರಾಜ ಓಸ್ವಿಯ ಮನೆಯಲ್ಲೇ ಒಂದು ತೊಡಕಿತ್ತು. ರಾಜ ಈಸ್ಟರ್ ಹಬ್ಬದೂಟ ಮಾಡುವಾಗ, ರೋಮಿನ ಲೆಕ್ಕ ಹಿಡಿದ ರಾಣಿ ಇನ್ನೂ ಉಪವಾಸದಲ್ಲಿರುತ್ತಿದ್ದಳು! ಪಂಚಾಂಗಭೇದದಿಂದ ಒಂದೇ ಬೀದಿಯಲ್ಲಿ ಎರಡು ದಿನ ಏಕಾದಶಿ ನಡೆಯುವುದನ್ನು ಕಂಡ ನಮಗೆ ಇದೇನೂ ಹೊಸದಲ್ಲ. 664ರಲ್ಲಿ ಹಿಲ್ಡಳ ಮಠದಲ್ಲೇ ಸಭೆ ಸೇರಿತು. ಹಿಲ್ಡ್ ಐರಿಷ್ ಪದ್ಧತಿಯ ಪರ. ರಾಜನ ತೀರ್ಪು ರೋಮಿನ ಪರ. ತನ್ನ ಅಂಗಳದಲ್ಲೇ ತನ್ನ ಪಕ್ಷ ಸೋತರೂ ಅವಳು ಮುನಿಸಿಕೊಂಡು ಮಠ ಬಿಡಲಿಲ್ಲ, ಪಾಠ ನಿಲ್ಲಿಸಲಿಲ್ಲ.

ಕ್ಯಾಡ್‌ಮನ್ ಎಂಬ ದನಗಾಹಿಯ ಕಥೆಯೂ ಇಲ್ಲಿಯದೇ. ಕೂಟದಲ್ಲಿ ಹಾಡುವ ಸರದಿ ತನಗೆ ಬರುತ್ತದೆಂದರೆ ಸಾಕು, ನಾಚಿ ಎದ್ದು ಹೋಗುತ್ತಿದ್ದ. ಒಂದು ರಾತ್ರಿ ಕೊಟ್ಟಿಗೆಯಲ್ಲಿ ಮಲಗಿದ್ದಾಗ ಕನಸಿನಲ್ಲಿ ಹಾಡು ಹೊಳೆಯಿತಂತೆ. ಅಕ್ಷರ ಬಾರದವನೆಂದು ಹಿಲ್ಡ್ ಅವನನ್ನು ಅತ್ತ ಅಟ್ಟಲಿಲ್ಲ. ಕೂರಿಸಿ ಹಾಡಿಸಿ ಕೇಳಿದಳು, ಮಠಕ್ಕೆ ಸೇರಿಸಿಕೊಂಡು ಕಲಿಸಲು ಏರ್ಪಾಡು ಮಾಡಿದಳು. ಇಂಗ್ಲಿಷಿನಲ್ಲಿ ಹೆಸರು ಉಳಿದಿರುವ ಮೊದಲ ಕವಿ ಅವನೇ. ಹಿಂದಿನ ಬೆಂಚಿನ ಮೌನಿ ಮಕ್ಕಳನ್ನು ಕಂಡಾಗಲೆಲ್ಲ ನನಗೆ ಅವನ ನೆನಪಾಗುತ್ತದೆ.

ಕೊನೆಯ ಆರು ವರ್ಷ ಕಾಯಿಲೆಯಲ್ಲಿ ನರಳುತ್ತಲೇ ಬೋಧಿಸುತ್ತಿದ್ದ ಹಿಲ್ಡ್ 680ರಲ್ಲಿ ತೀರಿಕೊಂಡಳು. ಅವಳ ಮಠ 9ನೆಯ ಶತಮಾನದಲ್ಲಿ ಹಾಳಾಯಿತು. ನಾರ್ಮನ್ನರ ಕಾಲದಲ್ಲಿ ಮತ್ತೆ ಎದ್ದ ಮಠವನ್ನು 1539ರಲ್ಲಿ ಎಂಟನೆಯ ಹೆನ್ರಿಯ ಆಡಳಿತ ಮುಚ್ಚಿಸಿತು. ಈಗ ಉಳಿದಿರುವುದು ಬೋಳು ಗೋಡೆಗಳು.

ವಿಟ್ಬಿಯ ದಂಡೆಯಲ್ಲಿ ಸುರುಳಿ ಸುತ್ತಿದ ಕಲ್ಲುಗಳು ಸಿಗುತ್ತವೆ. ಹಿಲ್ಡ್ ಹಾವುಗಳನ್ನು ಕಲ್ಲಾಗಿಸಿದಳೆಂಬುದು ಜನರ ಕಥೆ. ನಿಜಕ್ಕೂ ಅವು ನಮ್ಮ ಸಾಲಿಗ್ರಾಮಗಳಂತೆಯೇ ಪುರಾತನ ಕಡಲಜೀವಿಗಳ ಪಳೆಯುಳಿಕೆ. ಹಾವಿನ ಪವಾಡ ಹಾಗಿರಲಿ, ದನಗಾಹಿಯ ಹಾಡಿಗೆ ಅವಳು ಕಿವಿಗೊಟ್ಟಳಲ್ಲ, ನನಗೆ ಅಷ್ಟೇ ಸಾಕು.